ಹಸಿ ಟೊಮೆಟೊಗೆ ಅಯೋಡಿನ್ ಬಿಟ್ರೆ ಕಪ್ಪಾಯ್ತು, ಹಣ್ಣಿಗೆ ಬಿಟ್ರೆ ಏನೂ ಆಗ್ಲಿಲ್ಲ, ಆ ಪಿಷ್ಟ ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು?

ತಾರಸಿತೋಟ ಕೇಳಿದ್ದು:

ಎಲ್ರಿಗೂ ನಮಸ್ಕಾರ. ಇದು ಕೃಷಿ ಪ್ರಶ್ನೆನೋ ವಿಜ್ಞಾನದ ಪ್ರಶ್ನೆನೋ ಗೊತ್ತಾಗ್ತಿಲ್ಲ, ಎರಡೂ ಇರ್ಬೇಕು, ತಪ್ಪು ಜಾಗದಲ್ಲಿ ಹಾಕಿದ್ರೆ ಅಡ್ಮಿನ್ ಎತ್ತಿ ಸರಿಯಾದ ಕಡೆ ಇಡಿ.

ಮಗಳು ಆರನೇ ಕ್ಲಾಸು. ಸ್ಕೂಲಲ್ಲಿ ಪಿಷ್ಟದ ಟೆಸ್ಟ್ ತೋರಿಸಿದ್ರಂತೆ, ಆಲೂಗಡ್ಡೆ ಹೋಳಿಗೆ ಎರಡು ತೊಟ್ಟು ಅಯೋಡಿನ್ ಬಿಟ್ರೆ ನೀಲಿಗಪ್ಪು ಆಗುತ್ತಲ್ಲ ಅದು. ಮನೆಗೆ ಬಂದವಳೇ ಅಡುಗೆಮನೆಲಿ ಕೈಗೆ ಸಿಕ್ಕಿದ್ದಕ್ಕೆಲ್ಲ ಬಿಡೋಕೆ ಶುರು ಮಾಡಿದ್ಲು, ಅನ್ನ ಆಯ್ತು, ಚಪಾತಿ ಆಯ್ತು, ಅವರಪ್ಪ ತಿನ್ನೋಕೆ ಇಟ್ಕೊಂಡಿದ್ದ ಬ್ರೆಡ್ಡೂ ಆಯ್ತು. ಕೊನೆಗೆ ತಾರಸಿ ಮೇಲಿನ ಕುಂಡದಿಂದ ಒಂದು ಟೊಮೆಟೊ ಕಾಯಿ ಕಿತ್ಕೊಂಡು ಬಂದ್ಲು, ಇನ್ನೂ ಹಸಿರು, ನಿಂಬೆಹಣ್ಣಿಗಿಂತ ಒಂಚೂರು ಚಿಕ್ಕದು. ಅಡ್ಡಡ್ಡ ಕೊಯ್ದು ಟಿಂಚರ್ ಅಯೋಡಿನ್ ಬಿಟ್ವಿ. ಮೊದ್ಲು ಕಂದು ಬಣ್ಣನೇ ಇತ್ತು, ಆಮೇಲೆ ನೋಡ್ತಾ ನೋಡ್ತಾ ಮಧ್ಯದ ತಿರುಳು, ಬೀಜ ಕಚ್ಕೊಂಡಿರೋ ಕಂಬದ ಥರದ್ದು ಇರುತ್ತಲ್ಲ, ಅದು ಕಪ್ಪಾಯ್ತು, ಅದರ ಹಿಂದೆನೇ ಸಿಪ್ಪೆ ಒಳಗಿನ ದಪ್ಪ ಗೋಡೆನೂ ಕಪ್ಪು. ಆಲೂಗಡ್ಡೆಯಷ್ಟು ಅಲ್ಲ, ಆದ್ರೆ ಅನುಮಾನ ಪಡೋ ಹಂಗೇ ಇಲ್ಲ. ಫ್ರಿಜ್ಜಲ್ಲಿದ್ದ ಕೆಂಪು ಹಣ್ಣು ಕೊಯ್ದು ಬಿಟ್ರೆ ಕಪ್ಪು ಇರ್ಲಿ, ಟಿಂಚರ್ ಬಣ್ಣನೇ ತೆಳ್ಳಗಾಗಿ ಮಾಯ ಆಯ್ತು.

ಮಾರನೇ ದಿನ ಮಿಸ್ ಹತ್ರ ಕೇಳಿದ್ದಾಳೆ, ಅವ್ರು ಟೊಮೆಟೊದಲ್ಲಿ ಪಿಷ್ಟ ಇರಲ್ಲಮ್ಮ, ನೀನು ಚಾಕು ತೊಳೆದಿರಲ್ಲ ಅಂದ್ರಂತೆ. ಚಾಕು ನಾನೇ ತೊಳೆದು ಕೊಟ್ಟಿದ್ದು! ಮತ್ತೆ ಇನ್ನೊಂದು ಕಾಯಿ ಕೊಯ್ದು ನೋಡಿದ್ರೆ ಮತ್ತೆ ಕಪ್ಪು.

ಹಂಗಾಗಿ ನನ್ನ ಪ್ರಶ್ನೆ ಏನಂದ್ರೆ, ಈ ಪಿಷ್ಟ ಕಾಯಿ ತಾನೇ ಹಸಿರಾಗಿರೋದ್ರಿಂದ ಬಿಸಿಲಲ್ಲಿ ಮಾಡ್ಕೊಂಡಿದ್ದಾ ಇಲ್ಲ ಎಲೆಯಿಂದ ಬಂದಿದ್ದಾ, ಹಣ್ಣಾಗೋಷ್ಟರಲ್ಲಿ ಎಲ್ಲಿಗೆ ಹೋಗುತ್ತೆ. ಇನ್ನೊಂದು, ನಮ್ಮ ತಮ್ಮ ಚಿಂತಾಮಣಿ ಹತ್ರ 2 ಎಕರೆ ಟೊಮೆಟೊ ಹಾಕಿದ್ದಾನೆ, ಅಲ್ಲಿ ಯಾವುದೋ ಅಂಗಡಿಯವ್ರು ಬಣ್ಣ ತಿರುಗೋ ಟೈಮಲ್ಲಿ ಇದನ್ನ ಹೊಡೀರಿ ಹಣ್ಣಿಗೆ ಸಿಹಿ ಎಳ್ಕೊಳ್ಳುತ್ತೆ ಅಂತ ಒಂದು ಬಾಟಲ್ ಕೊಟ್ಟಿದ್ದಾರೆ. ಪಕ್ಕದ ತೋಟದವ್ರು ಅದೆಲ್ಲ ಯಾಕೆ, ಬೆಲ್ಲದ ನೀರು ಹೊಡಿ ಸಾಕು ಅಂತಾರಂತೆ. ಇದರಲ್ಲಿ ಏನಾದ್ರೂ ಹುರುಳಿದೆಯಾ?

ರಾಗಿಮುದ್ದೆ ಉತ್ತರ:

ಇದರಲ್ಲಿ ಏನಿದೆ ಅಕ್ಕ, ಬಾಳೆಕಾಯಿ ಥರಾನೇ. ಕಾಯಿದ್ದಾಗ ಪಿಷ್ಟ, ಹಣ್ಣಾದಾಗ ಸಕ್ಕರೆ. ಗೊನೆ ಕಡಿದು ಹೊಗೆ ಕೊಟ್ರೆ ಸಿಹಿ ಆಗಲ್ವಾ, ಟೊಮೆಟೊನೂ ಅಷ್ಟೇ, ಕಾಯಿ ಕಿತ್ತು ಹುಲ್ಲಲ್ಲಿ ಮುಚ್ಚಿಟ್ರೆ ಕೆಂಪಾಗಿ ಸಿಹಿ ಆಗುತ್ತೆ. ಮಿಸ್‌ಗೆ ಹೇಳಿ.

ಎಲೆಹಸಿರು ಉತ್ತರ:

ನಾನು ಸಸ್ಯಶಾಸ್ತ್ರ ಪಾಠ ಮಾಡೋನು, ಹಂಗಾಗಿ ಉದ್ದ ಆಗುತ್ತೆ, ಟೀ ಇಟ್ಕೊಂಡು ಓದಿ.

ಮೊದ್ಲು ಮಗಳಿಗೆ ಶಹಬ್ಬಾಸ್ ಹೇಳಿ, ಅವಳು ನೋಡಿದ್ದು ಸರಿ. ಮಿಸ್ ಹೇಳಿದ್ದೂ ಪೂರ್ತಿ ತಪ್ಪಲ್ಲ, ಕೆಂಪು ಹಣ್ಣಲ್ಲಿ ಪಿಷ್ಟ ಇಲ್ಲ ಅನ್ನೋಷ್ಟು ಕಮ್ಮಿ. ಆದ್ರೆ ಹೂ ಅರಳಿ 20-25 ದಿನ ಆಗಿರೋ ಕಾಯಲ್ಲಿ, ನೀರೆಲ್ಲ ಒಣಗಿಸಿ ಉಳಿಯೋ ತೂಕ ಇದೆಯಲ್ಲ, ಅದರಲ್ಲಿ 20 ಪರ್ಸೆಂಟ್‌ವರೆಗೂ ಪಿಷ್ಟನೇ ಇರ್ಬಹುದು. ಆಮೇಲೆ ದಿನಾ ಇಳೀತಾ ಹೋಗುತ್ತೆ. ನಿಮ್ಮ ನಿಂಬೆಹಣ್ಣಿನ ಸೈಜಿನ ಕಾಯಿ ಸರಿಯಾಗಿ ಆ ತುತ್ತತುದಿಯ ಹೊತ್ತಲ್ಲೇ ಸಿಕ್ಕಿದೆ.

ಎಲ್ಲಿಂದ ಬಂತು ಅಂದ್ರೆ, ಬಹುಪಾಲು ಎಲೆಯಿಂದ. ಕಾಯಿ ಹಸಿರಾಗಿರೋದ್ರಿಂದ ತಾನೂ ಒಂಚೂರು ದುಡಿಯುತ್ತೆ, ಆದ್ರೆ ಅದು ಮನೆ ಖರ್ಚಿಗೆ ಹುಡುಗ್ರು ಟ್ಯೂಷನ್ ಹೇಳಿ ತರೋ ದುಡ್ಡಿದ್ದಂಗೆ, ಹಣ್ಣಿಗೆ ಬೇಕಾದ ಇಂಗಾಲದಲ್ಲಿ ನೂರಕ್ಕೆ 10-15 ಪಾಲು ಅಂತ ಲೆಕ್ಕ. ಮಿಕ್ಕಿದ್ದೆಲ್ಲ ಎಲೆ ಮಾಡಿ ಕಳಿಸೋದು. ಕಳಿಸೋದು ಗ್ಲೂಕೋಸ್ ಆಗಿ ಅಲ್ಲ, ಸುಕ್ರೋಸ್ ಆಗಿ, ಅಂದ್ರೆ ನಾವು ಕಾಫಿಗೆ ಹಾಕ್ಕೊಳ್ಳೋ ಸಕ್ಕರೆನೇ. ಕಾಂಡದೊಳಗೆ ಫ್ಲೋಯಂ ಅನ್ನೋ ಸಣ್ಣ ಸಣ್ಣ ಕೊಳವೆಗಳಿವೆ, ಎಲೆ ಕಡೆ ಸಕ್ಕರೆ ತುಂಬಿದಾಗ ಅಲ್ಲಿ ನೀರು ನುಗ್ಗಿ ಪ್ರೆಷರ್ ಏರುತ್ತೆ, ಹಣ್ಣಿನ ಕಡೆ ಸಕ್ಕರೆ ಖಾಲಿ ಆಗ್ತಾ ಇದ್ರೆ ಅಲ್ಲಿ ಪ್ರೆಷರ್ ಇಳಿಯುತ್ತೆ, ಆ ವ್ಯತ್ಯಾಸಕ್ಕೇ ಪಾಕ ಹರಿಯೋದು. 1930ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಮ್ಯೂನ್ಶ್ ಹೇಳಿದ್ದು, ಇವತ್ತಿಗೂ ಪಾಠದಲ್ಲಿ ಇದೇ. ಪಂಪ್‌ಸೆಟ್ ಇಲ್ಲ, ಕೆರೆಗೂ ಗದ್ದೆಗೂ ಇರೋ ಎತ್ತರ ತಗ್ಗಿನ ಲೆಕ್ಕ ಅಷ್ಟೇ.

ಒಂದು ವಿಷಯ ಮಜಾ ಇದೆ, ಹೇಳದೆ ಇರೋಕಾಗಲ್ಲ. ಟೊಮೆಟೊ ಹಣ್ಣಿಗೆ ಬರೋ ನೀರಲ್ಲೂ 85 ಪರ್ಸೆಂಟಿಗಿಂತ ಹೆಚ್ಚು ಬರೋದು ಈ ಸಕ್ಕರೆ ಕೊಳವೆಯಿಂದನೇ, ಬೇರಿಂದ ನೇರ ನೀರು ಹೊರೋ ಕ್ಸೈಲಂ ಕೊಳವೆಯಿಂದ ಬರೋದು ಸ್ವಲ್ಪ. ಕ್ಯಾಲ್ಸಿಯಂ ಮಾತ್ರ ಆ ಕ್ಸೈಲಂ ನೀರಲ್ಲಿ ಬರ್ಬೇಕು. ಅದಕ್ಕೇ ಕೆಲವು ಸಲ ಗಿಡ ಎಲ್ಲ ಚೆನ್ನಾಗಿದ್ದು ಕಾಯಿಯ ತಳ ಮಾತ್ರ ಕಪ್ಪಗೆ ಚರ್ಮದ ಥರ ಕೂತ್ಕೊಳ್ಳುತ್ತಲ್ಲ, ತುದಿಗೆ ಕ್ಯಾಲ್ಸಿಯಂ ತಲುಪಿರಲ್ಲ.

ಈಗ ಹಣ್ಣಿನ ಬಾಗಿಲಿಗೆ ಸಕ್ಕರೆ ಬಂತು. ಇಲ್ಲಿಂದ ಮುಂದೆ ಎರಡು ಕಾಲ ಇದೆ. ಹೀಚುಕಾಯಲ್ಲಿ ಜೀವಕೋಶದಿಂದ ಜೀವಕೋಶಕ್ಕೆ ಸಣ್ಣ ಕಿಂಡಿಗಳು ತೆರೆದಿರುತ್ವೆ, ಸುಕ್ರೋಸ್ ಸುಕ್ರೋಸ್ ಆಗೇ ವಠಾರದ ಮನೆಗಳಲ್ಲಿ ಒಳಬಾಗಿಲಿಂದ ಓಡಾಡಿದ ಹಂಗೆ ಒಳಗೆ ಹೋಗುತ್ತೆ. ಒಳಗೆ ಸುಕ್ರೋಸ್ ಸಿಂಥೇಸ್ ಅನ್ನೋ ಕಿಣ್ವ ಅದನ್ನ ಎರಡು ಹೋಳು ಮಾಡುತ್ತೆ, ಒಂದು ಫ್ರಕ್ಟೋಸ್, ಇನ್ನೊಂದು ಯುಡಿಪಿ-ಗ್ಲೂಕೋಸ್, ಅಂದ್ರೆ ಯುಡಿಪಿ ಅನ್ನೋ ಬಾಲ ಅಂಟಿಸ್ಕೊಂಡಿರೋ ಗ್ಲೂಕೋಸ್. (ಹೆಸರಲ್ಲಿ ಕಟ್ಟೋದು ಅಂತಿದ್ರೂ ಇಲ್ಲಿ ಮಾಡೋ ಕೆಲಸ ಒಡೆಯೋದು, ಹೆಸರಿಟ್ಟೋರನ್ನ ಕೇಳ್ಬೇಕು.) ಆ ಗ್ಲೂಕೋಸ್ ಒಂದೆರಡು ವೇಷ ಬದಲಾಯಿಸಿ ಪ್ಲಾಸ್ಟಿಡ್ ಅನ್ನೋ ಕೋಣೆಯೊಳಗೆ ಹೋಗಿ ಎಡಿಪಿ-ಗ್ಲೂಕೋಸ್ ಆಗುತ್ತೆ. ಈ ಮೆಟ್ಟಿಲೇ ಮುಖ್ಯ, ಎಜಿಪೇಸ್ ಅಂತ ಕರೀತಾರೆ ಆ ಕಿಣ್ವನ, ಅದು ಎಷ್ಟು ಚುರುಕೋ ಪಿಷ್ಟ ಅಷ್ಟು. ಅಲ್ಲಿಂದ ಗ್ಲೂಕೋಸ್ ಒಂದಕ್ಕೊಂದು ಪೋಣಿಸಿ ಪಿಷ್ಟದ ಕಾಳು. ಆಲೂಗಡ್ಡೆ ಗೆಡ್ಡೆಯೊಳಗೆ ನಡೆಯೋದೂ ಇದೇ ದಾರಿ, ಎರಡೂ ಒಂದೇ ಕುಟುಂಬದ ಗಿಡ ಅಲ್ವಾ, ಒಬ್ಬ ಕೂಡಿಟ್ಟ, ಇನ್ನೊಬ್ಬ ಖರ್ಚು ಮಾಡಿದ.

ಮೂರು ವಾರ ದಾಟಿದ ಮೇಲೆ ಆ ಒಳಬಾಗಿಲುಗಳು ಬಹುಮಟ್ಟಿಗೆ ಮುಚ್ಕೊಳ್ತಾ ಬರುತ್ವೆ. ಆಗ ಸಕ್ಕರೆ ಕೊಳವೆಯಿಂದ ಹೊರಗೆ, ಜೀವಕೋಶಗಳ ಗೋಡೆ ಸಂದಿಗೆ ಇಳೀಬೇಕು, ಅಲ್ಲಿ ಇನ್ವರ್ಟೇಸ್ ಅನ್ನೋ ಇನ್ನೊಂದು ಕಿಣ್ವ ಸುಕ್ರೋಸನ್ನ ಗ್ಲೂಕೋಸ್ ಫ್ರಕ್ಟೋಸ್ ಅಂತ ಒಡೆಯುತ್ತೆ, ಅವನ್ನ ಬೇರೆ ಪ್ರೋಟೀನುಗಳು ಎತ್ತಿ ಒಳಗೆ ಹಾಕ್ತವೆ. ಈ ಹೊತ್ತಿಗೆ ಬಂದಿದ್ದು ಹೆಚ್ಚಾಗಿ ಪಿಷ್ಟ ಆಗಿ ನಿಲ್ಲಲ್ಲ, ಸಕ್ಕರೆ ಆಗೇ ರಸದಾನಿ, ಅಂದ್ರೆ ಜೀವಕೋಶದೊಳಗಿನ ರಸದ ಚೀಲ, ಸೇರುತ್ತೆ. ಹಣ್ಣಾದ ಟೊಮೆಟೊದಲ್ಲಿ ಗ್ಲೂಕೋಸೂ ಫ್ರಕ್ಟೋಸೂ ಹತ್ತತ್ರ ಸಮ ಸಮ, ಸುಕ್ರೋಸ್ ಲೆಕ್ಕಕ್ಕಿಲ್ಲ.

ಈಗ ರಾಗಿಮುದ್ದೆಯವ್ರಿಗೆ. ಬಾಳೆಕಾಯಿ ಹೋಲಿಕೆ ಅರ್ಧ ಮಾತ್ರ ಸರಿ. ಬಲಿತ ಬಾಳೆಕಾಯಿ ತಿರುಳಲ್ಲಿ ಹಸಿ ತೂಕದಲ್ಲೇ ಸುಮಾರು 20 ಪರ್ಸೆಂಟ್ ಪಿಷ್ಟ. ನಾನು ಟೊಮೆಟೊಗೆ ಹೇಳಿದ 20 ಒಣ ತೂಕದಲ್ಲಿ, ಕಾಯಲ್ಲಿ ನೀರೇ ನೂರಕ್ಕೆ 93. ಲೆಕ್ಕ ಹಾಕಿ, 30 ಗ್ರಾಂ ಕಾಯಿ, ಒಣ ತೂಕ 2 ಗ್ರಾಂ ಅನ್ನಿ, ಅದರಲ್ಲಿ ಪಿಷ್ಟ 0.4 ಗ್ರಾಂ. ಅದೇ ಕಾಯಿ 80 ಗ್ರಾಂ ಹಣ್ಣಾದಾಗ ಸಕ್ಕರೆ ನೂರಕ್ಕೆ ಎರಡೂವರೆ ಹಿಡಿದ್ರೂ 2 ಗ್ರಾಂ. ಆ ದಿನ ಇದ್ದ ಪಿಷ್ಟ ಒಂದು ಕಾಳೂ ಬಿಡದೆ ಸಿಹಿಯಾದ್ರೂ ಐದರಲ್ಲಿ ಒಂದು ಪಾಲು. ಮಿಕ್ಕ ನಾಲ್ಕು ಪಾಲು ಗಿಡದ ಮೇಲಿದ್ದಾಗ ಬರ್ತಾನೇ ಇರ್ಬೇಕು. ಅದಕ್ಕೇ ಬಾಳೆ, ಮಾವು ಕಿತ್ತಿಟ್ರೂ ಸಿಹಿ ಆಗ್ತವೆ, ಟೊಮೆಟೊ ಕಿತ್ತಿಟ್ರೆ ಕೆಂಪಾಗುತ್ತೆ, ಮೆತ್ತಗಾಗುತ್ತೆ, ಸಿಹಿ ಮಾತ್ರ ಕಿತ್ತ ದಿನ ಎಷ್ಟಿತ್ತೋ ಹೆಚ್ಚುಕಮ್ಮಿ ಅಷ್ಟೇ.

ತಮ್ಮನ ಬಾಟಲ್ ಬಗ್ಗೆ, ಅದರೊಳಗೆ ಏನಿದೆ ಅಂತ ಲೇಬಲ್ ಫೋಟೋ ಹಾಕಿ ನೋಡೋಣ, ಆದ್ರೆ ಬಣ್ಣ ತಿರುಗೋ ಹೊತ್ತಿಗೆ ಆಟ ಮುಕ್ಕಾಲು ಮುಗಿದಿರುತ್ತೆ. ಬೆಲ್ಲದ ನೀರು ಎಲೆ ಮೇಲೆ ಹೊಡೆದ್ರೆ ಎಲೆಯ ಮೇಣದ ಪದರ ದಾಟಿ ಒಳಗೆ ಹೋಗೋದು ತೀರಾ ಕಮ್ಮಿ, ಹೊರಗೆ ಉಳಿದಿದ್ದಕ್ಕೆ ಇರುವೆ, ಕಪ್ಪು ಬೂಸ್ಟು. ಜೀವಾಮೃತಕ್ಕೆ ಬೆಲ್ಲ ಹಾಕ್ತಾರಲ್ಲ ಅಂತ ಕೇಳ್ಬಹುದು, ಆ ಬೆಲ್ಲ ಡ್ರಮ್ಮಿನೊಳಗಿನ ಸೂಕ್ಷ್ಮಜೀವಿಗಳ ಊಟಕ್ಕೆ, ಹಣ್ಣಿಗಲ್ಲ.

ರಾಗಿಮುದ್ದೆ ಉತ್ತರ:

ಸರಿ ಸಾರ್ ಒಪ್ಕೊಂಡೆ, ಬಾಳೆಹಣ್ಣು ವಾಪಸ್ ತಗೊಂಡೆ. ಆದ್ರೆ ಒಂದು ಅರ್ಥ ಆಗ್ಲಿಲ್ಲ. ಕೊನೆಗೆ ಸಕ್ಕರೆನೇ ಬೇಕು, ಬರೋದೂ ಸಕ್ಕರೆನೇ, ಮಧ್ಯದಲ್ಲಿ ಪಿಷ್ಟ ಮಾಡಿ ಮತ್ತೆ ಒಡೆಯೋ ತಲೆನೋವು ಗಿಡಕ್ಕೆ ಯಾಕೆ? ರಾಗಿ ಬೀಸಿ ಹಿಟ್ಟು ಮಾಡಿ ಮತ್ತೆ ರಾಗಿ ಮಾಡಿದ ಹಂಗಾಯ್ತು.

ಎಲೆಹಸಿರು ಉತ್ತರ:

ಇದೇ ನಿಜವಾದ ಪ್ರಶ್ನೆ. ಮಂಡಿಗೆ ಲೋಡ್ ಬಂದಿದೆ ಅನ್ಕೊಳ್ಳಿ. ಹಿಂದೆ ಇನ್ನೂ ನಾಲ್ಕು ಗಾಡಿ ಕ್ಯೂನಲ್ಲಿವೆ. ಮುಂದಿನ ಗಾಡಿ ಇಳಿಸಿ ಮಾಲು ಒಳಗೆ ಸಾಗಿಸ್ದೇ ಹೋದ್ರೆ ಹಿಂದಿನದ್ದು ಅಲ್ಲೇ ನಿಲ್ಲುತ್ತೆ, ಇನ್ನೂ ತಡವಾದ್ರೆ ಬೇರೆ ಮಂಡಿಗೆ ತಿರುಗಿಸ್ಕೊಂಡು ಹೋಗುತ್ತೆ. ಹೀಚುಕಾಯಿ ಮಾಡ್ತಿರೋದು ಇದೇ, ಬಂದ ಸುಕ್ರೋಸನ್ನ ತಕ್ಷಣ ಒಡೆದು ಬೇರೆ ರೂಪಕ್ಕೆ ತಿರುಗಿಸಿದ್ರೆ ತನ್ನ ಕಡೆ ಸುಕ್ರೋಸ್ ಕಮ್ಮಿನೇ ಇರುತ್ತೆ, ಇಳಿಜಾರು ಉಳಿಯುತ್ತೆ, ಇನ್ನಷ್ಟು ಹರಿದು ಬರುತ್ತೆ. ಒಂದೇ ಗಿಡದಲ್ಲಿ ಗೊಂಚಲು ಗೊಂಚಲಾಗಿ ಹಣ್ಣು, ಮೇಲೆ ಚಿಗುರು, ಕೆಳಗೆ ಬೇರು, ಎಲ್ಲರೂ ಅದೇ ಎಲೆಗಳ ಕೈ ನೋಡ್ತಿರ್ತಾರೆ. ಯಾರು ಬೇಗ ಇಳಿಸ್ಕೊಳ್ತಾರೋ ಅವ್ರಿಗೆ ಹೆಚ್ಚು.

ಒಡೆದ ಗ್ಲೂಕೋಸನ್ನ ಹಂಗೇ ಬಿಟ್ರೆ ಏನು ಅಂದ್ರೆ, ಕರಗಿದ ಸಕ್ಕರೆ ನೀರು ಎಳೆಯುತ್ತೆ. ಎಷ್ಟು ಕಣ ಇದೆ ಅನ್ನೋದರ ಮೇಲೆ ಆ ಎಳೆತ. ಸಾವಿರಾರು ಗ್ಲೂಕೋಸ್ ಪೋಣಿಸಿ ಕರಗದ ಒಂದು ಕಾಳು ಮಾಡಿಟ್ರೆ ನೀರಿನ ಲೆಕ್ಕಕ್ಕೇ ಅದು ಬರಲ್ಲ. ಹಸಿ ಮಾಲನ್ನ ಒಣಗಿಸಿ ಚೀಲಕ್ಕೆ ತುಂಬಿದ ಹಂಗೆ, ಜಾಗ ಕಮ್ಮಿ, ಕೊಳೆಯಲ್ಲ, ಬೇಕಾದಾಗ ನೆನೆಸ್ಕೋಬಹುದು.

ಇನ್ನೊಂದು ಹೇಳ್ಬೇಕು, ನಾನು ಮೇಲೆ ಪಿಷ್ಟ 25 ದಿನಕ್ಕೆ ತುದಿ ಮುಟ್ಟಿ ಇಳಿಯುತ್ತೆ ಅಂದೆ, ಅದನ್ನ ಓದಿ ಆಮೇಲೆ ಮಾಡೋದೇ ನಿಲ್ಲಿಸುತ್ತೆ ಅಂತ ಅನ್ಸಬಹುದು. 1999ರಲ್ಲಿ ಬಂದ ಒಂದು ಪೇಪರ್ ಪ್ರಕಾರ ಹಂಗಲ್ಲ, ಪಿಷ್ಟ ಕಟ್ಟೋ ಕೆಲಸ ಹಣ್ಣು ಬೆಳೆಯೋವರೆಗೂ ನಡೀತಾನೇ ಇರುತ್ತೆ, ಒಡೆಯೋ ಕೆಲಸ ಅದನ್ನ ಹಿಂದೆ ಹಾಕುತ್ತೆ, ಅದಕ್ಕೇ ಒಟ್ಟು ಮೊತ್ತ ಇಳಿದಂಗೆ ಕಾಣೋದು. ಬ್ಯಾಂಕ್ ಬ್ಯಾಲೆನ್ಸ್ ಕಮ್ಮಿ ಆಯ್ತು ಅಂದ್ರೆ ಸಂಬಳ ನಿಂತಿದೆ ಅಂತಲ್ಲವಲ್ಲ. ಹಂಗಾಗಿ ನನ್ನ ಐದರಲ್ಲಿ ಒಂದು ಪಾಲು ಲೆಕ್ಕನೂ ಆ ಒಂದು ದಿನದ ಬ್ಯಾಲೆನ್ಸ್ ನೋಡಿ ಹಾಕಿದ್ದು, ಪಿಷ್ಟದ ಮೂಲಕ ಹಾದು ಹೋದ ಸಕ್ಕರೆ ಅದಕ್ಕಿಂತ ಹೆಚ್ಚೇ ಇರುತ್ತೆ.

ಸುಕ್ರೋಸ್ ಸಿಂಥೇಸ್ ಬಗ್ಗೆನೂ ಒಂದು ತಮಾಷೆ ಆಗಿದೆ. ಪಿಷ್ಟ ಹೆಚ್ಚಿದ್ದ ಕಾಯಲ್ಲಿ ಆ ಕಿಣ್ವನೂ ಹೆಚ್ಚು, ಹಂಗಾಗಿ ಅದೇ ಯಜಮಾನ ಅಂತ ಎಲ್ಲರೂ ನಂಬಿದ್ರು. ಅದೇ 1999ರಲ್ಲಿ ಜೀನ್ ಅಡಗಿಸಿ ಆ ಕಿಣ್ವನ ಹೆಚ್ಚುಕಮ್ಮಿ ಪೂರ್ತಿ ಇಳಿಸಿ ನೋಡಿದ್ರೆ ಪಿಷ್ಟ ಇಳೀಲೇ ಇಲ್ಲ! ಬದಲಿಗೆ ಹೂ ಕಾಯಿ ಕಚ್ಚೋದು ಕಮ್ಮಿ ಆಯ್ತು, ಒಂದು ವಾರದ ಹೀಚು ಸಕ್ಕರೆ ಇಳಿಸ್ಕೊಳ್ಳೋ ತಾಕತ್ತು ಬಿತ್ತು. ಜೊತೇಲಿ ಓಡಾಡ್ತಾರೆ ಅಂತ ಒಬ್ಬರಿಂದನೇ ಇನ್ನೊಬ್ಬರ ಮನೆ ನಡೆಯುತ್ತೆ ಅನ್ಕೊಂಡ್ರೆ ಹಿಂಗಾಗುತ್ತೆ.

ತಾರಸಿತೋಟ ಅವ್ರೇ, ಮಗಳಿಗೆ ಒಂದು ಕೆಲಸ ಕೊಡಿ. ಹೂ ಅರಳಿದ ದಿನ ತೊಟ್ಟಿಗೆ ಬಣ್ಣದ ದಾರ ಕಟ್ಟಿ ತಾರೀಕು ಬರೆದಿಡ್ಲಿ, 10, 20, 30, 40 ದಿನಕ್ಕೊಂದು ಕಾಯಿ ಕೊಯ್ದು ಟೆಸ್ಟ್ ಮಾಡ್ಲಿ. ಇನ್ನೊಂದು ಹೀಚನ್ನ ಬಟಾಣಿ ಸೈಜ್ ಇದ್ದಾಗಲೇ ಅಲ್ಯೂಮಿನಿಯಂ ಫಾಯಿಲಲ್ಲಿ ಸಡಿಲವಾಗಿ ಸುತ್ತಿ ಕತ್ತಲಲ್ಲಿ ಬೆಳೆಸ್ಲಿ. ಎಲೆಯಿಂದ ಬರುತ್ತಾ ತಾನೇ ಮಾಡುತ್ತಾ ಅನ್ನೋದಕ್ಕೆ ನನ್ನ ಮಾತು ನಂಬೋ ಅಗತ್ಯನೇ ಇರಲ್ಲ. ಹಣ್ಣಿಗೆ ಟಿಂಚರ್ ಒಂದೆರಡು ತೊಟ್ಟು ಜಾಸ್ತಿ ಬಿಡಿ, ಟೊಮೆಟೊದ ವಿಟಮಿನ್ ಸಿ ಅಯೋಡಿನ್ ಬಣ್ಣನ ನುಂಗಿ ಹಾಕುತ್ತೆ, ಫ್ರಿಜ್ ಹಣ್ಣಲ್ಲಿ ಬಣ್ಣ ಮಾಯ ಆಗಿದ್ದು ಅದಕ್ಕೇ ಇರ್ಬೇಕು. ಟೆಸ್ಟ್ ಮಾಡಿದ್ದನ್ನ ಸಾರಿಗೆ ಹಾಕ್ಬೇಡಿ ದಯವಿಟ್ಟು.

ಮಂಡಿಮನುಷ್ಯ ಉತ್ತರ:

ನಮ್ದು ಶ್ರೀನಿವಾಸಪುರ ಕಡೆ, ಟೊಮೆಟೊ ಬಿಟ್ರೆ ಮಾವು, ಎರಡೂ ಕೈ ಕೊಟ್ಟಿರೋದೂ ಗೊತ್ತು ಕೈ ಹಿಡಿದಿರೋದೂ ಗೊತ್ತು. ಮೇಷ್ಟ್ರು ಹೇಳಿದ್ದು ಓದಿ ನಮ್ಮ ಎಷ್ಟೋ ಕೆಲಸಕ್ಕೆ ಈಗ ಕಾರಣ ಸಿಕ್ಕಂಗಾಯ್ತು.

ಒಂದನೇದು ಎಲೆ. ಅಂಗಮಾರಿ ಬಂದು ಕೆಳಗಿಂದ ಎಲೆ ಸುಟ್ಕೊಂಡು ಬಂದ ತೋಟದಲ್ಲಿ ಕಾಯಿ ಸೈಜ್ ಬಂದ್ರೂ ತಿಂದ್ರೆ ಸಪ್ಪೆ, ನೀರು ನೀರು. ಊಜಿ ಹುಳ ಬಿದ್ದ ತೋಟದಲ್ಲೂ ಅಷ್ಟೇ, ಎಲೆ ಒಳಗೆ ಕೊರೆದು ಬಿಳಿ ಮಾಡಿ ಹಾಕುತ್ತೆ. ನಮ್ಮಪ್ಪ ಗೊಂಚಲಿನ ಅಕ್ಕಪಕ್ಕದ ಎಲೆ ಯಾರಾದ್ರೂ ಕಿತ್ರೆ ಕೈ ಮೇಲೆ ಹೊಡೀತಿದ್ರು, ನೆಲಕ್ಕೆ ತಾಗಿರೋದು ತೆಗಿ, ಗೊಂಚಲ ಪಕ್ಕದ್ದು ಅದರ ಅನ್ನ ಅನ್ನೋರು. ಅವ್ರಿಗೆ ಫ್ಲೋಯಂ ಗೊತ್ತಿರ್ಲಿಲ್ಲ.

ಎರಡನೇದು ನೀರು. ಬಿಡಿಸೋಕೆ ಎರಡು ದಿನ ಮುಂಚೆ ಡ್ರಿಪ್ ಜಾಸ್ತಿ ಬಿಟ್ರೆ ಕ್ರೇಟ್ ತೂಕ ಬರುತ್ತೆ, 15 ಕೆಜಿ ಬೇಗ ತುಂಬುತ್ತೆ, ಸುಳ್ಳು ಯಾಕೆ ಹೇಳ್ಲಿ ನಾನೂ ಬಿಟ್ಟಿದ್ದೀನಿ. ಮಂಡಿಲಿ ಯಾರೂ ಸಿಹಿ ಅಳೆದು ಹರಾಜು ಕೂಗಲ್ಲ ತಾಯಿ. ಗಟ್ಟಿ ಇದೆಯಾ, ಬಣ್ಣ ಒಂದೇ ಸಮ ಇದೆಯಾ, ಕಾಯಿ ಒಡೆದಿಲ್ವಾ, ಇಷ್ಟೇ. ಕೋಲಾರ ಮಂಡಿಯಿಂದ ಉತ್ತರದ ಕಡೆ ಹೋಗೋ ಲಾರಿಗೆ ದೋರಗಾಯಿನೇ ಬೇಕು, ಕೆಂಪಗಾಗಿದ್ದು ಹಾಕಿದ್ರೆ ಅಲ್ಲಿ ಇಳಿಸೋದು ಸಾರು. 2023 ಜುಲೈನಲ್ಲಿ ಕ್ರೇಟು 2000 ದಾಟಿತ್ತಲ್ಲ, ಆವಾಗ ಹಸಿರು ಕಾಯಿನೂ ಬಿಡಲಿಲ್ಲ, ತೋಟಕ್ಕೆ ರಾತ್ರಿ ಕಾವಲು ಮಲಗಿದ್ವಿ. ಮೇಷ್ಟ್ರ ಲೆಕ್ಕದಲ್ಲಿ ಆ ಕಾಯಿಗಳಿಗೆ ಗಿಡದಿಂದ ಬರ್ಬೇಕಾಗಿದ್ದ ಸಕ್ಕರೆ ಬಂದೇ ಇಲ್ಲ. ತಿಂದೋರು ಟೊಮೆಟೊಗೆ ರುಚಿನೇ ಇಲ್ಲ ಅಂತ ಬೈದ್ರೆ ರೈತನ್ನ ಬೈಬೇಡಿ.

ಮನೆಗೆ ಮಾತ್ರ ಗಿಡದಲ್ಲೇ ಕೆಂಪಾಗಿದ್ದು ಕೀಳ್ತೀವಿ.

ನಿಮ್ಮ ತಮ್ಮನಿಗೆ ಹೇಳಿ, ಆ ದುಡ್ಡಿಗೆ ಕಾಯಿ ಕಚ್ಚೋ ಟೈಮಲ್ಲಿ ಎಲೆ ಕಾಪಾಡ್ಕೊಳ್ಳೋ ಔಷಧಿ ತಗೊಳ್ಲಿ, ಡ್ರಿಪ್‌ನಲ್ಲಿ ಪೊಟ್ಯಾಷ್ ಸರಿಯಾಗಿ ಕೊಡ್ಲಿ.

ಧಾರವಾಡಪೇಡೆ ಉತ್ತರ:

ನಮಸ್ಕಾರ್ರೀ. ನಂದು ಎರಡು ಅನುಮಾನ ಅದಾವು. ಜವಾರಿ ಟೊಮೆಟೊ ತೊಟ್ಟಿನ ಹತ್ರ ಹಣ್ಣಾದ್ರೂ ಒಂದೀಟು ಹಸಿರು ಉಳಿದಿರತದ, ನೋಡಾಕ ಚಂದ ಇರಂಗಿಲ್ಲ, ಆದ್ರ ರುಚಿ ಅದರದ್ದ ಬ್ಯಾರೆ. ಅದಕ್ಕೂ ಈ ಪಿಷ್ಟಕ್ಕೂ ಏನರ ಸಂಬಂಧ ಐತೇನು? ಇನ್ನೊಂದು, ನಮ್ಮ ಕಾಕಾನ ಹೊಲದಾಗ ಬೋರಿನ ನೀರು ಸವಳು, ಅಲ್ಲಿ ಕಾಯಿ ಸಣ್ಣು, ಆದ್ರ ಸೀ ಭಾಳ. ಉಪ್ಪು ನೀರು ಕುಡಿದು ಸೀ ಹೆಂಗ ಆಗತೈತ್ರೀ?

ಎಲೆಹಸಿರು ಉತ್ತರ:

ಎರಡಕ್ಕೂ ಸಂಬಂಧ ಇದೆ ರೀ, ಎರಡೂ ಚೆನ್ನಾಗಿ ಗಮನಿಸಿದ್ದೀರಿ.

ಆ ಹಸಿರು ಹೆಗಲು ಇದೆಯಲ್ಲ, ಅದನ್ನ ತೆಗೆದು ಒಂದೇ ಸಮ ಬಣ್ಣ ಬರೋ ಹಣ್ಣು ಬೇಕು ಅಂತ ತಳಿ ಮಾಡೋರು ದಶಕಗಟ್ಟಲೆ ಒಂದು ಮ್ಯುಟೇಷನ್ ಆರಿಸ್ಕೊಂಡು ಬಂದ್ರು, ಈಗ ಅಂಗಡಿಯ ಬಹಳಷ್ಟು ತಳಿಗಳಲ್ಲಿ ಅದೇ ಇದೆ. 2012ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಅದರ ಗುಟ್ಟು ಬಂತು. ಹಾಳಾಗಿದ್ದು ಜಿಎಲ್‌ಕೆ2 ಅನ್ನೋ ಜೀನು, ಕಾಯಲ್ಲಿ ಪತ್ರಹರಿತ್ತಿನ ಕೋಣೆಗಳನ್ನ ಬೆಳೆಸೋದು ಅದರ ಕೆಲಸ. ಆ ಕೋಣೆಗಳಲ್ಲೇ ಅಲ್ವಾ ಪಿಷ್ಟ ಕಟ್ಟೋದೂ. ಕೋಣೆ ಕಮ್ಮಿ ಆಯ್ತು, ಪಿಷ್ಟ ಕಮ್ಮಿ, ಹಣ್ಣಾದಾಗ ಸಕ್ಕರೆನೂ ಕಮ್ಮಿ. ಜೀನ್ ವಾಪಸ್ ಕೊಟ್ಟು ನೋಡಿದ್ರೆ ಹಸಿರೂ ಬಂತು ಸಕ್ಕರೆನೂ ಏರಿತು. ಚಂದಕ್ಕೆ ಅಂತ ಆರಿಸಿದ್ದು, ರುಚಿ ಕೊಟ್ಟು ಕೊಂಡ್ಕೊಂಡ್ರು ಅನ್ನೋದು ಯಾರಿಗೂ ಗೊತ್ತಾಗಿರ್ಲಿಲ್ಲ.

ಸವಳು ನೀರಿಗೆ, ಒಂದು ಕಾರಣ ಎಲ್ಲರಿಗೂ ಗೊತ್ತಿರೋದು, ಬೇರಿಗೆ ನೀರು ಎಳೆಯೋದು ಕಷ್ಟ ಆಗಿ ಹಣ್ಣಿಗೆ ನೀರು ಕಮ್ಮಿ, ಇದ್ದ ಸಕ್ಕರೆ ಗಟ್ಟಿ. ಅಷ್ಟೇ ಆಗಿದ್ರೆ ಪಾಕ ಕಾಯಿಸಿದ ಹಂಗೆ. ಆದ್ರೆ ಅದರ ಜೊತೆ ಇನ್ನೊಂದು ನಡೆಯುತ್ತೆ, ಉಪ್ಪಿನ ಒತ್ತಡದಲ್ಲಿ ಹೀಚುಕಾಯಿಯ ಎಜಿಪೇಸ್ ಜೀನುಗಳು ಜೋರಾಗ್ತವೆ, ಎಳೇ ಕಾಯಲ್ಲಿ ಪಿಷ್ಟ ಹೆಚ್ಚು ಕೂಡುತ್ತೆ, ಅದು ಮುಂದೆ ಸಿಹಿಗೆ ಸೇರುತ್ತೆ. ಕಾಯಿ ಸೈಜ್ ಬೀಳೋದು, ಇಳುವರಿ ಬೀಳೋದು ಅದರ ಬೆಲೆ. ಮಂಡಿಮನುಷ್ಯ ಹೇಳಿದ ಹಂಗೆ ಮಂಡಿಲಿ ಸಿಹಿಗೆ ದುಡ್ಡಿಲ್ಲ, ಹಂಗಾಗಿ ಕಾಕಾಗೆ ಇದು ಸಮಾಧಾನದ ಮಾತಷ್ಟೇ.

ಕಾಡು ಟೊಮೆಟೊ ಕಥೆನೂ ಹೇಳಿ ಮುಗಿಸ್ತೀನಿ. 1962ರ ಡಿಸೆಂಬರಲ್ಲಿ ಪೆರು ದೇಶದ ಆಂಡೀಸ್ ಬೆಟ್ಟದಲ್ಲಿ ಹ್ಯೂ ಇಲ್ಟಿಸ್, ಡಾನ್ ಉಗೆಂಟ್ ಅನ್ನೋ ಇಬ್ಬರು ಆಲೂಗಡ್ಡೆ ಹುಡುಕ್ಕೊಂಡು ಹೋಗಿದ್ದಾಗ ದಾರಿಲಿ ಕಂಡ ಕಳೆ ಥರದ ಟೊಮೆಟೊ ಒಂದರ ಬೀಜ ತಗೊಂಡ್ರು, ಅವ್ರ ಸಂಗ್ರಹದಲ್ಲಿ ಅದರ ನಂಬರ್ 832. ಹಣ್ಣು ಚೆರ್ರಿಗಿಂತ ಚಿಕ್ಕದು, ಕೆಂಪಾಗೋದೇ ಇಲ್ಲ. ಬೀಜ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಚಾರ್ಲ್ಸ್ ರಿಕ್ ಕೈ ಸೇರಿತು, ಅವ್ರು ಊರ ಟೊಮೆಟೊ ಜೊತೆ ಅದನ್ನ ಕ್ರಾಸ್ ಮಾಡ್ತಾ ಮಾಡ್ತಾ ಹಣ್ಣಿನ ಸಕ್ಕರೆಯಂಶ ಏರಿಸಿದ್ರು, 1976ರಲ್ಲಿ ಅದು ಹೊಸ ಪ್ರಭೇದ ಅಂತಾನೂ ಹೆಸರಾಯ್ತು. ಆ ಕಾಡು ಹಣ್ಣಿನ ವಿಶೇಷ ಏನಂದ್ರೆ ಬಂದ ಸುಕ್ರೋಸನ್ನ ಕೊನೆಗೆ ಒಡೆಯೋ ಇನ್ವರ್ಟೇಸ್ ಅದರಲ್ಲಿ ಇಲ್ಲ ಅನ್ನೋಷ್ಟು ಕಮ್ಮಿ, ಸುಕ್ರೋಸನ್ನ ಸುಕ್ರೋಸ್ ಆಗೇ ಕೂಡಿಡುತ್ತೆ. ಊರ ಟೊಮೆಟೊದಲ್ಲಿ ಆ ಕಿಣ್ವನ ಅಡಗಿಸಿ 1996ರಲ್ಲಿ ನೋಡಿದಾಗಲೂ ಸುಕ್ರೋಸ್ ಕೂಡಿತು, ಆದ್ರೆ ಹಣ್ಣಿನ ಗಾತ್ರ ಚಿಕ್ಕದಾಯ್ತು. ಒಡೆದ ಸಕ್ಕರೆ ಎರಡು ಕಣ, ಒಡೆಯದಿದ್ರೆ ಒಂದೇ ಕಣ, ನೀರು ಎಳೆಯೋ ಶಕ್ತಿ ಅರ್ಧ. ದೊಡ್ಡ ಹಣ್ಣು ಬೇಕು ಅಂದ್ರೆ ಒಡೀಲೇಬೇಕು.

ತಾರಸಿತೋಟ ಬರೆದದ್ದು (ಏಳು ವಾರ ಆದ್ಮೇಲೆ):

ಎಲ್ರಿಗೂ ಮತ್ತೆ ನಮಸ್ಕಾರ, ಮರೆತಿಲ್ಲ, ಟೊಮೆಟೊ ಹಣ್ಣಾಗೋಕೆ ಟೈಮ್ ಬೇಕಲ್ಲ!

ಮಗಳು ಅಜ್ಜಿಯ ಉಲ್ಲನ್ ಬುಟ್ಟಿ ಖಾಲಿ ಮಾಡಿ ಹನ್ನೊಂದು ಹೂವಿಗೆ ದಾರ ಕಟ್ಟಿದ್ಲು, ಅದರಲ್ಲಿ ನಾಲ್ಕು ಉದುರಿಹೋಯ್ತು. 10 ದಿನದ ಕಾಯಿ ಕಡ್ಲೆಕಾಳಿಗಿಂತ ಸ್ವಲ್ಪ ದೊಡ್ಡದು, ಅಯೋಡಿನ್‌ಗೆ ಅಲ್ಲಲ್ಲಿ ಬೂದು ಬೂದು. 20 ದಿನದ್ದು ಮೊದಲ ಸಲ ನೋಡಿದ ಹಂಗೇ ಕಪ್ಪು, ಮಧ್ಯದ ಕಂಬ ಅಂತೂ ಇದ್ದಿಲು. 30 ದಿನದ್ದು ನೋಡೋಕೆ ಇಷ್ಟು ದಪ್ಪ, ಬಣ್ಣ ಮಾತ್ರ ತೆಳ್ಳಗೆ, ಗೋಡೆಲಿ ಮಚ್ಚೆ ಮಚ್ಚೆ. 40 ದಿನದ್ದು ಹೊರಗೆ ಇನ್ನೂ ಹಸಿರು-ಬಿಳಿ, ಒಳಗೆ ಕಪ್ಪು ಹುಡುಕಬೇಕು. ನಾನು ಅನ್ಕೊಂಡಿದ್ದೆ ಕೆಂಪಾಗೋ ದಿನ ಪಿಷ್ಟ ಸಕ್ಕರೆ ಆಗುತ್ತೆ ಅಂತ, ಕೆಂಪಾಗೋಕೆ ಮುಂಚೆನೇ ಅದು ಮನೆ ಖಾಲಿ ಮಾಡಿತ್ತು.

ಫಾಯಿಲ್ ಸುತ್ತಿದ ಕಾಯಿ ಬಿಚ್ಚಿದಾಗ ಮನೆಮಂದಿಯೆಲ್ಲ ನಿಂತಿದ್ವಿ. ಒಂಚೂರೂ ಹಸಿರಿಲ್ಲ, ಮೂಲಂಗಿ ಥರ ಬಿಳಿ. ಸೈಜ್ ಪಕ್ಕದ್ದಕ್ಕಿಂತ ಸ್ವಲ್ಪ ಕಮ್ಮಿ ಅಷ್ಟೇ. ಕೊಯ್ದು ಟಿಂಚರ್ ಬಿಟ್ರೆ ಕಪ್ಪು! ಪಕ್ಕದ ಹಸಿರು ಕಾಯಿಯಷ್ಟು ಗಾಢ ಅಲ್ಲ, ಆದ್ರೂ ಕಪ್ಪು. ಬಟಾಣಿ ಸೈಜ್ ಇದ್ದಾಗಿಂದ ಬಿಸಿಲೇ ನೋಡದ ಕಾಯಿ. ಹೋಳುಗಳನ್ನ ಡಬ್ಬಿಲಿ ಹಾಕ್ಕೊಂಡು ಹೋಗಿ ತೋರಿಸಿದ್ಲು, ಮಿಸ್ ಕ್ಲಾಸಿಗೆಲ್ಲ ತೋರಿಸಿ ಈ ಸಲ ನಿಮ್ಮ ಚಾಕು ತೊಳೆದಿತ್ತು ಅಂತ ನಕ್ಕರಂತೆ, ಒಳ್ಳೆಯವ್ರು ಅವ್ರು.

ತಮ್ಮ ಬಾಟಲ್ ವಾಪಸ್ ಕೊಡೋಕೆ ಹೋಗಿದ್ದ, ಸೀಲ್ ಒಡೆದಿದೆ ತಗೊಳ್ಳಲ್ಲ ಅಂದ್ರಂತೆ. ಲೇಬಲ್ ಫೋಟೋ ಕಳಿಸಿದ್ದಾನೆ, ಅದರ ಮೇಲೆ ಒಂದು ಹಣ್ಣಿನ ಚಿತ್ರ ಬಿಟ್ರೆ ಒಳಗೆ ಏನಿದೆ ಅಂತನೇ ಬರೆದಿಲ್ಲ. ಮುಂದಿನ ಬೆಳೆಗೆ ಎಲೆ ನೋಡ್ಕೋತೀನಿ ಅಂದ.

ಈಗ ನನ್ನ ಕೊನೇ ಪ್ರಶ್ನೆ, ತರಕಾರಿ ಹೆಚ್ಚೋ ಮರದ ಮಣೆ ಮೇಲೆ ಟಿಂಚರ್ ಕಲೆ ಕೂತುಬಿಟ್ಟಿದೆ, ಸಬೀನಾ ಹಾಕಿ ಉಜ್ಜಿದ್ರೂ ಹೋಗ್ತಿಲ್ಲ, ಅತ್ತೆ ಊರಿಂದ ಬರೋದ್ರೊಳಗೆ ಹೋಗ್ಬೇಕು.

ಎಲೆಹಸಿರು ಉತ್ತರ:

ಬಿಳಿ ಕಾಯಿಯ ಫೋಟೋ ಇದ್ರೆ ಹಾಕಿ, ನಾನೂ ಕ್ಲಾಸಲ್ಲಿ ತೋರಿಸ್ತೀನಿ. ಕಲೆಗೆ ಅರ್ಧ ನಿಂಬೆಹಣ್ಣು ಹಿಂಡಿ ಹತ್ತು ನಿಮಿಷ ಬಿಡಿ, ಕೆಂಪು ಹಣ್ಣಿನ ಮೇಲೆ ಟಿಂಚರ್ ಮಾಯ ಆಗಿತ್ತಲ್ಲ, ಅದೇ ವಿಟಮಿನ್ ಸಿ ಕೆಲಸ.

ರಾಗಿಮುದ್ದೆ ಉತ್ತರ:

ನಿಂಬೆ ಇಲ್ದಿದ್ರೆ ಹಣ್ಣು ಟೊಮೆಟೊನೇ ಉಜ್ಜಿ ನೋಡಿ ಅಕ್ಕ. ಗಿಡದಲ್ಲಿ ಕೆಂಪಾಗಿದ್ದು ಬೇಡ, ಅದನ್ನ ತಿನ್ನಿ, ಅಂಗಡಿದು ಸಾಕು.